ಲನ್ ನಂಬರ್ ನಂಬಿ ಡಿಸ್ಕ್ ಮೌಂಟ್ ಮಾಡಬೇಡಿ

ನಮಸ್ಕಾರ. ಸ್ಟೋರೇಜ್ ಅರೇ, ಅಂದರೆ ಸರ್ವರ್‌ಗಳಿಗೆ ಡಿಸ್ಕ್ ಹಂಚುವ ಪೆಟ್ಟಿಗೆ, ತಾನು ಕೊಡುವ ಒಂದೊಂದು ಡಿಸ್ಕ್‌ಗೂ ಹಾಕುವ ನಂಬರೇ ಲನ್. ಡಿಸ್ಕ್ ಮೌಂಟ್ ಮಾಡುವ, ಅಂದರೆ ಬಳಕೆಗೆ ಜೋಡಿಸುವ ಮೊದಲು ಆ ನಂಬರ್ ನೋಡಿದರೆ ಸಾಕಾ? ಹೋದ ವಿಡಿಯೋಗೆ ಒಂದು ಕಮೆಂಟ್ ಬಂದಿದೆ. "ಸ್ಟೋರೇಜ್ ಟೀಮ್ ಲನ್ 5 ಅಂತ ಹೇಳಿದೆ, ಸರ್ವರ್‌ನಲ್ಲೂ ಲನ್ 5 ಕಾಣುತ್ತಿದೆ. ಇನ್ನೇನು ನೋಡಬೇಕು?"

ನೋಡಬೇಕು ಸ್ವಾಮಿ! ಲನ್ ನಂಬರ್ ಡಿಸ್ಕ್‌ನ ಗುರುತಲ್ಲ. ಅದು ಮನೆ ನಂಬರ್. ಬಾಡಿಗೆಯವರು ಬದಲಾದರೂ ಬಾಗಿಲ ಮೇಲೆ ಅದೇ ನಂಬರ್ ಇರುತ್ತದೆ, ಅಲ್ವಾ?

ಲಿನಕ್ಸ್ ಏನು ಮಾಡುತ್ತದೆ ನೋಡಿ. ಅದರಲ್ಲಿ ಡಿಸ್ಕ್‌ಗಳ ಜೊತೆ ಮಾತಾಡುವ ಭಾಗವಾದ ಸ್ಕಸಿ ಲೇಯರ್ 'ರಿಪೋರ್ಟ್ ಲನ್ಸ್' ಕಮಾಂಡ್ ಕಳಿಸುತ್ತದೆ, ಅರೇ ಪಟ್ಟಿ ಕೊಡುತ್ತದೆ. ಒಂದೊಂದಕ್ಕೂ ಹೋಸ್ಟ್, ಚಾನೆಲ್, ಟಾರ್ಗೆಟ್, ಲನ್ ಸೇರಿದ ವಿಳಾಸ. ಆಮೇಲೆ ಸರ್ವರನ್ನು ಅರೇಗೆ ಜೋಡಿಸುವ ಫೈಬರ್ ಚಾನೆಲ್ ಕಾರ್ಡಿನ ಡ್ರೈವರ್ ಪ್ರತಿ ಕಮಾಂಡ್ ಜೊತೆ 8 ಬೈಟ್‌ನ ಲನ್ ಹಾಕಿ ಕಳಿಸುತ್ತದೆ. ಆ ಕಡೆ ಯಾವ ಡಿಸ್ಕ್ ಇದೆ ಅಂತ ಡ್ರೈವರ್ ಕೇಳುವುದೇ ಇಲ್ಲ!

ಆ ನಂಬರ್ ಕೂಡ ಎರಡೂ ಕಡೆ ಒಂದೇ ಥರ ಕಾಣಬೇಕೆಂದಿಲ್ಲ. ಸ್ಕಸಿ-2 ಅನ್ನುವ ಹಳೆ ಮಾನದಂಡದ ಕಾಲದಲ್ಲಿ ಲನ್‌ಗೆ 3 ಬಿಟ್, ಅಂದರೆ ಬರೀ 8 ಲನ್. ಈಗ 64 ಬಿಟ್. ಮೊದಲ 2 ಬಿಟ್ ವಿಳಾಸದ ಬಗೆಯನ್ನು ಹೇಳುತ್ತವೆ. ಅದರಲ್ಲಿ ಫ್ಲಾಟ್ ಅಡ್ರೆಸಿಂಗ್ ಅನ್ನುವ ಬಗೆ ಇದ್ದರೆ ಅರೇಯ ಲನ್ 256 ಲಿನಕ್ಸ್‌ನಲ್ಲಿ 16640 ಆಗಿ ಕಾಣುತ್ತದೆ. ಬಗೆ ಹೇಳುವ ಬಿಟ್‌ಗಳಿಂದ 16384, ಕೂಡಿಸು 256, ಲೆಕ್ಕ ಸರಿಯಾಗಿದೆ. ಈಗ ಹೇಳಿ, ಯಾವ ನಂಬರ್ ನಂಬುತ್ತೀರಿ?

 

"ವರ್ಷಗಟ್ಟಲೆ ಏನೂ ಆಗಿಲ್ಲ" ಅಂತೀರಾ? ಅರೇಯಲ್ಲಿ ಹಳೆ ವಾಲ್ಯೂಮ್, ಅಂದರೆ ಅದು ಕೊಟ್ಟಿದ್ದ ಡಿಸ್ಕ್, ತೆಗೆದು ಅದೇ ಲನ್ 5ಕ್ಕೆ ಬೇರೆಯದನ್ನು ಮ್ಯಾಪ್ ಮಾಡುವ ತನಕ ಏನೂ ಆಗುವುದಿಲ್ಲ. ಆಗ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ: ಲನ್ ಹಂಚಿಕೆ ಬದಲಾಗಿದೆ, ಲಿನಕ್ಸ್ ತಾನಾಗಿ ಸರಿಮಾಡುವುದಿಲ್ಲ. ಅಷ್ಟೇ! ಹಳೆ ಡಿವೈಸನ್ನು ನೀವು ತೆಗೆಯದಿದ್ದರೆ, ಬರೆದದ್ದೆಲ್ಲ ಇನ್ಯಾರದೋ ಡೇಟಾ ಮೇಲೆ ಹೋಗಬಹುದು.

"ನಾನು ಯುಯುಐಡಿ ಹಾಕಿದ್ದೇನೆ." ಆ ಗುರುತಿನ ಸಂಖ್ಯೆ ಡಿಸ್ಕ್ ಮೇಲೆ ಬರೆದ ಫೈಲ್‌ಸಿಸ್ಟಂನದು, ಡಿಸ್ಕ್‌ನದಲ್ಲ. ಅರೇಯಲ್ಲಿ ತೆಗೆದ ಸ್ನ್ಯಾಪ್‌ಶಾಟನ್ನು, ಅಂದರೆ ಆ ಕ್ಷಣದ ನಕಲನ್ನು, ಅದೇ ಸರ್ವರ್‌ಗೆ ಕೊಡಿ. ಎರಡರಲ್ಲೂ ಒಂದೇ ಯುಯುಐಡಿ! "ಬೈ-ಪಾತ್ ಹೆಸರು ಬಳಸುತ್ತೇನೆ." ಡಿಸ್ಕ್‌ಗೆ ಹೋಗುವ ದಾರಿಯಿಂದ ಕಟ್ಟಿದ ಆ ಹೆಸರಿನೊಳಗೂ ಇರುವುದು ಅದೇ ಲನ್ ನಂಬರ್!

ಡಿಸ್ಕನ್ನೇ ಕೇಳಿ. ಅದು ತನ್ನ ಬಗ್ಗೆ ಕೊಡುವ ಮಾಹಿತಿಯ ವಿಪಿಡಿ ಪೇಜ್ 83ರಲ್ಲಿ ಡಬ್ಲ್ಯುಡಬ್ಲ್ಯುಐಡಿ ಇದೆ, ಅಂದರೆ ಜಗತ್ತಿನಲ್ಲಿ ಅದೊಂದಕ್ಕೇ ಇರುವ ಗುರುತು. ಒಂದೇ ವಾಲ್ಯೂಮ್ ಈ ಸರ್ವರ್‌ಗೆ ಲನ್ 3, ಆ ಸರ್ವರ್‌ಗೆ ಲನ್ 7 ಆಗಿರಬಹುದು. ಡಬ್ಲ್ಯುಡಬ್ಲ್ಯುಐಡಿ ಮಾತ್ರ ಒಂದೇ. ಒಂದೇ ಡಿಸ್ಕ್‌ಗೆ ಇರುವ ಹಲವು ದಾರಿಗಳನ್ನು ಒಂದಾಗಿ ತೋರಿಸುವ ಮಲ್ಟಿಪಾತ್ ಕೂಡ ದಾರಿಗಳನ್ನು ಸೇರಿಸುವುದು ಅದನ್ನು ನೋಡಿಯೇ.

ಸ್ಟೋರೇಜ್ ಟೀಮ್ ಬರೀ "ಲನ್ 5" ಅಂದರೆ ಡಬ್ಲ್ಯುಡಬ್ಲ್ಯುಐಡಿ ಕೇಳಿ. ಕೊಡಲಿಲ್ಲವಾ? ಮೌಂಟ್ ಮಾಡಬೇಡಿ. ಮ್ಯಾನೇಜರ್ ಕೂಗಾಡಿದರೂ ಮಾಡಬೇಡಿ. ಲನ್ ನಂಬರ್ ಗುರುತಲ್ಲ, ಅಲ್ಲ, ಅಲ್ಲ! ಒಪ್ಪದವರು ಕೆಳಗೆ ಕಮೆಂಟ್ ಹಾಕಿ, ಒಂದೊಂದಕ್ಕೂ ಉತ್ತರ ಕೊಡುತ್ತೇನೆ.