ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಕಟ್ಟಿದ ಮೇಲೂ ಟಿಪ್ಸ್ ಕೊಡಬೇಕಾ?

ನಮಸ್ಕಾರ. ನಿಮ್ಮಲ್ಲಿ ಬಹಳ ಜನ ಕೇಳುತ್ತಿದ್ದ ಪ್ರಶ್ನೆ ಇದು. ಎಸಿ ರೆಸ್ಟೋರೆಂಟ್‌ಗೆ ಹೋಗುತ್ತೇವೆ, ಊಟ ಮುಗಿಯುತ್ತದೆ, ಬಿಲ್ ನೋಡಿದರೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ ಹಾಕಿರುತ್ತಾರೆ. ಅದನ್ನು ಕಟ್ಟಿದ ಮೇಲೆ ಸಪ್ಲೈಯರ್‌ಗೆ ಬೇರೆ ಟಿಪ್ಸ್ ಕೊಡಬೇಕಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸರ್ವಿಸ್ ಚಾರ್ಜ್ ತೆಗೆಸಿ. ಟಿಪ್ಸ್ ಕೊಡಿ.

ದರ್ಶಿನಿಯಲ್ಲಿ ಟೋಕನ್ ತೊಗೊಂಡು, ನಿಂತು ದೋಸೆ ತಿಂದು ಬರುವವರಿಗೆ ಈ ತಲೆನೋವೇ ಇಲ್ಲ. ಇದು ಟೇಬಲ್ ಹತ್ತಿರ ಬಂದು ಬಡಿಸುವ ಕಡೆ ಮಾತ್ರ. ಇನ್ನೊಂದು ವಿಷಯ. ಸರ್ವಿಸ್ ಚಾರ್ಜ್ ಸರ್ಕಾರದ ತೆರಿಗೆ ಅಲ್ಲ. ಹಿಂದೆ ಸರ್ವಿಸ್ ಟ್ಯಾಕ್ಸ್ ಅಂತ ಒಂದಿತ್ತು, 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅದು ಹೋಯಿತು. ಈಗ ಬಿಲ್‌ನಲ್ಲಿ ಕಾಣುವ ಸರ್ವಿಸ್ ಚಾರ್ಜ್ ಪೂರ್ತಿ ಹೋಟೆಲ್‌ನವರು ಹಾಕಿಕೊಳ್ಳುವ ದುಡ್ಡು.

ಈಗ ನನಗೆ ತುಂಬಾ ಸಿಟ್ಟು ತರಿಸುವ ಲೆಕ್ಕಕ್ಕೆ ಬರೋಣ.

[ಸ್ಕ್ರೀನ್ ಮೇಲೆ: ಮಾದರಿ ಬಿಲ್, ಒಂದೊಂದೇ ಸಾಲು ಬರಲಿ]

ಗೋಬಿ ಮಂಚೂರಿ, ರೋಟಿ, ಪನೀರ್, ಬಿರಿಯಾನಿ. ಎಲ್ಲ ಸೇರಿ 1,000 ರೂಪಾಯಿ. ಸರ್ವಿಸ್ ಚಾರ್ಜ್ 10 ಪರ್ಸೆಂಟ್, ಅಂದರೆ 100. ಒಟ್ಟು 1,100. ಮುಂದೆ ಜಿಎಸ್‌ಟಿ: ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ, ಎರಡೂವರೆ ಎರಡೂವರೆ ಪರ್ಸೆಂಟ್. ಇದು 1,000ದ ಮೇಲೆ ಆದರೆ 25 ಮತ್ತು 25. ಆದರೆ ಬಿಲ್ ನೋಡಿ. 27 ರೂಪಾಯಿ 50 ಪೈಸೆ, ಎರಡು ಸಲ. ಅಂದರೆ ತೆರಿಗೆ ಹಾಕಿರುವುದು 1,100ರ ಮೇಲೆ. ನೀವು ಕಟ್ಟುವುದು 1,155. ಸರ್ವಿಸ್ ಚಾರ್ಜ್ ತೆಗೆಸಿದ್ದರೆ 1,050.

ಆ 105 ರೂಪಾಯಿಯಲ್ಲಿ 100 ಓನರ್ ಗಲ್ಲಾಕ್ಕೆ ಹೋಯಿತು. ಮಿಕ್ಕ ಐದು ಸರ್ಕಾರಕ್ಕೆ. ಬಡಿಸಿದ ಹುಡುಗನಿಗೆ ಎಷ್ಟು ಸಿಕ್ಕಿತು? ಬಿಲ್‌ನಲ್ಲಿ ಅದು ಎಲ್ಲೂ ಇಲ್ಲ. ಅದೇ 100 ರೂಪಾಯಿ ಅವನ ಕೈಗೇ ಕೊಟ್ಟಿದ್ದರೆ ಪೂರ್ತಿ ಅವನದು. ಜಿಎಸ್‌ಟಿ ಪ್ರಶ್ನೆಯೇ ಬರುವುದಿಲ್ಲ.

ನೂರೈದು ರೂಪಾಯಿಗೆ ಯಾಕಪ್ಪಾ ಇಷ್ಟು ಮಾತು ಅನ್ನಬೇಡಿ. ಮನೆಮಂದಿಯೆಲ್ಲ ಹೋಗಿ 4,000 ರೂಪಾಯಿ ಊಟ ಮಾಡಿದರೆ ಈ ಲೆಕ್ಕದಲ್ಲಿ 420 ರೂಪಾಯಿ ಜಾಸ್ತಿ ಹೋಗುತ್ತದೆ. ಮುಂದಿನ ಸಲ ಬಿಲ್ ಬಂದಾಗ ಸಿಜಿಎಸ್‌ಟಿ ಸಾಲು ಒಮ್ಮೆ ನೋಡಿ. ಊಟದ ಮೊತ್ತದ ಎರಡೂವರೆ ಪರ್ಸೆಂಟ್‌ಗಿಂತ ಅದು ಜಾಸ್ತಿ ಇದ್ದರೆ, ಬಡಿಸಿದ್ದಕ್ಕೂ ನಿಮ್ಮಿಂದ ತೆರಿಗೆ ತೊಗೊಂಡಿದ್ದಾರೆ.

ಕಾನೂನು ಏನು ಹೇಳುತ್ತದೆ? 2017ರ ಏಪ್ರಿಲ್‌ನಲ್ಲೇ ಕೇಂದ್ರ ಸರ್ಕಾರ ಹೇಳಿತ್ತು, ಸರ್ವಿಸ್ ಚಾರ್ಜ್ ಕೊಡುವುದು ಬಿಡುವುದು ಗಿರಾಕಿ ಇಷ್ಟ ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗಟ್ಟಿಯಾಗಿಯೇ ಬರೆಯಿತು. ಬಿಲ್‌ಗೆ ತಾನಾಗೇ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟೂ ವಸೂಲಿ ಮಾಡುವಂತಿಲ್ಲ. ಕೊಡದಿದ್ದರೆ ಒಳಗೆ ಬಿಡುವುದಿಲ್ಲ ಅನ್ನುವಂತಿಲ್ಲ. ಅದನ್ನು ಊಟದ ಬಿಲ್‌ಗೆ ಸೇರಿಸಿ ಒಟ್ಟು ಮೊತ್ತಕ್ಕೆ ಜಿಎಸ್‌ಟಿ ಹಾಕುವಂತಿಲ್ಲ. ನಾವು ಈಗ ನೋಡಿದ ಲೆಕ್ಕವೇ ಅಲ್ವಾ!

ಇದರ ವಿರುದ್ಧ ಹೋಟೆಲ್‌ನವರ ಎರಡು ಸಂಘಗಳು ದೆಹಲಿ ಹೈಕೋರ್ಟ್‌ಗೆ ಹೋದವು. ಅದೇ ತಿಂಗಳು ತಡೆಯಾಜ್ಞೆಯೂ ಸಿಕ್ಕಿತು. ಆಮೇಲೆ 2025ರ ಮಾರ್ಚ್ 28ರಂದು ತೀರ್ಪು ಬಂತು. ಕಡ್ಡಾಯ ಮಾಡುವುದು ಕಾನೂನಿಗೆ ವಿರುದ್ಧ ಅಂದ ಕೋರ್ಟ್, ಎರಡೂ ಸಂಘಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಖುಷಿಯಿಂದ ಟಿಪ್ಸ್ ಕೊಡುವವರಿಗೆ ಅಡ್ಡಿಯಿಲ್ಲ ಅಂತಲೂ ಹೇಳಿತು. ಸಂಘಗಳು ಮೇಲ್ಮನವಿ ಹಾಕಿವೆ.

ಹೋಟೆಲ್‌ನವರ ಮಾತನ್ನೂ ಕೇಳಬೇಕು. ಟಿಪ್ಸ್ ಆದರೆ ಸಪ್ಲೈಯರ್‌ಗೆ ಮಾತ್ರ ಹೋಗುತ್ತದೆ, ಒಳಗೆ ಪಾತ್ರೆ ತೊಳೆಯುವವರು, ಒಲೆ ಮುಂದೆ ಬೇಯುವವರು, ಅವರಿಗೂ ಹಂಚಬೇಕಲ್ಲ, ಅದಕ್ಕೇ ಸರ್ವಿಸ್ ಚಾರ್ಜ್ ಅನ್ನುತ್ತಾರೆ. ನ್ಯಾಯವಾದ ಕಾಳಜಿ. ಆದರೆ ಆ ದುಡ್ಡನ್ನು ತಿಂಡಿಯ ಬೆಲೆಯಲ್ಲೇ ಸೇರಿಸಿ, ಸಂಬಳ ಜಾಸ್ತಿ ಕೊಡಬಹುದಲ್ಲ? ಮೆನು ಬೆಲೆ ಏರಿಸಬೇಡಿ ಅಂತ ಯಾರೂ ತಡೆದಿಲ್ಲ. ಬಸ್ಸಿನಲ್ಲಿ ಟಿಕೆಟ್ ತೊಗೊಂಡ ಮೇಲೆ ಕಂಡಕ್ಟರ್ ಸಂಬಳಕ್ಕೆ ಅಂತ ಇನ್ನೊಂದು ಚೀಟಿ ಹರಿದು ಕೊಟ್ಟರೆ ನಾವು ಸುಮ್ನೆ ಇರುತ್ತೇವಾ?

ಬ್ರಿಟನ್‌ನಲ್ಲಿ 2024ರ ಅಕ್ಟೋಬರ್‌ನಿಂದ ಹೊಸ ಕಾನೂನು ಜಾರಿಗೆ ಬಂದಿದೆ. ಟಿಪ್ಸ್ ಆಗಲಿ ಸರ್ವಿಸ್ ಚಾರ್ಜ್ ಆಗಲಿ, ಓನರ್ ಇಟ್ಟುಕೊಳ್ಳುವಂತಿಲ್ಲ, ಕೆಲಸಗಾರರಿಗೆ ಹಂಚಲೇಬೇಕು. ಇಂಥ ಕಾನೂನು ನಮ್ಮಲ್ಲೂ ಬಂದ ದಿನ ನಾನೇ ಸರ್ವಿಸ್ ಚಾರ್ಜ್ ಪರ ಮಾತಾಡುತ್ತೇನೆ. ಅಮೆರಿಕದ ಕಥೆ ಬೇರೆ. ಟಿಪ್ಸ್ ಸಿಗುವ ಕೆಲಸಗಾರರಿಗೆ ಓನರ್ ಕೈಯಿಂದ ಕೊಡಬೇಕಾದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ. ಕೆಲವು ರಾಜ್ಯಗಳಲ್ಲಿ ಜಾಸ್ತಿ. ಅಲ್ಲಿರುವ ನಮ್ಮವರು ಊಟದ ಮೇಲೆ 20 ಪರ್ಸೆಂಟ್ ಇಡುವುದು ಅದಕ್ಕೇ. ಆ ಅಭ್ಯಾಸ ಇಲ್ಲಿಗೆ ತರಬೇಕಾಗಿಲ್ಲ.

ಹಾಗಾದರೆ ಇಲ್ಲಿ ಟಿಪ್ಸ್ ಯಾಕೆ? ಸೋಂಪು, ಕಲ್ಲುಸಕ್ಕರೆ ಇಟ್ಟ ಪುಟ್ಟ ತಟ್ಟೆ ನೆನಪಿದೆಯಾ? ಚಿಲ್ಲರೆ ಅದರಲ್ಲೇ ಉಳಿಯುತ್ತಿತ್ತು, ಹತ್ತೋ ಇಪ್ಪತ್ತೋ. ಈಗ ತಟ್ಟೆ ಬಂದರೂ ಜೊತೆಗೆ ಕ್ಯೂಆರ್ ಕೋಡ್ ಬರುತ್ತದೆ. ಸ್ಕ್ಯಾನ್ ಮಾಡುತ್ತೇವೆ, ಪೈಸೆ ಲೆಕ್ಕದಲ್ಲಿ ಓನರ್ ಖಾತೆಗೆ ಹೋಗುತ್ತದೆ, ನಾವು ಎದ್ದು ಬರುತ್ತೇವೆ. ಯಾರೂ ಬೇಕಂತ ಮಾಡಿದ್ದಲ್ಲ, ಆದರೆ ಸಪ್ಲೈಯರ್ ಪಾಲು ಹಾಗೇ ನಿಂತುಹೋಯಿತು. ಬೆಂಗಳೂರಿನಲ್ಲಿ ಈಗ ಬಡಿಸುವ ಎಷ್ಟೋ ಹುಡುಗರು ಅಸ್ಸಾಂ, ಒಡಿಶಾ, ನೇಪಾಳದ ಕಡೆಯವರು. ಮಧ್ಯಾಹ್ನ ಊಟದ ಹೊತ್ತಿಗೆ ನಿಂತವರು ರಾತ್ರಿ ಕೊನೆಯ ಟೇಬಲ್ ಏಳುವವರೆಗೂ ಕಾಲ ಮೇಲೇ ಇರುತ್ತಾರೆ. ಅದಕ್ಕೇ ಹೇಳುವುದು, ಜೇಬಿನಲ್ಲಿ ಒಂದಿಷ್ಟು ಇಪ್ಪತ್ತು, ಐವತ್ತರ ನೋಟು ಇಟ್ಟುಕೊಳ್ಳಿ. ಇಷ್ಟೇ ಪರ್ಸೆಂಟ್ ಕೊಡಬೇಕು ಅನ್ನುವ ನಿಯಮ ಏನಿಲ್ಲ. ಫೋಲ್ಡರ್ ಒಳಗೆ ಬೇಡ, ಕೈಗೇ ಕೊಡಿ.

ಸಮಯ ಆಗುತ್ತಾ ಬಂತು, ಉಳಿದಿದ್ದು ಬೇಗ ಹೇಳುತ್ತೇನೆ. ಸರ್ವಿಸ್ ಚಾರ್ಜ್ ಕಂಡರೆ ಸಪ್ಲೈಯರ್ ಮೇಲೆ ರೇಗಬೇಡಿ, ತೆಗೆಯುವ ಅಧಿಕಾರ ಅವನಿಗಿಲ್ಲ. ಮ್ಯಾನೇಜರ್‌ನ ಕರೆಸಿ, "ಸರ್, ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ" ಅನ್ನಿ, ಸಾಕು. ಒಪ್ಪದಿದ್ದರೆ ಬಿಲ್ ಫೋಟೋ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾಧಿಕಾರಿಗೂ ದೂರು ಕೊಡಬಹುದು.

ಹೆಸರು ಬದಲಾಯಿಸಿ ಹಾಕುವವರೂ ಇರುತ್ತಾರೆ. ನಿಮ್ಮ ಬಿಲ್‌ನಲ್ಲಿ ಅಂಥದ್ದು ಕಂಡಿದ್ದರೆ ಫೋಟೋ ಕಳಿಸಿ. ಮುಂದಿನ ವಿಡಿಯೋದಲ್ಲಿ ಹೋಟೆಲ್ ಹೆಸರು ಮುಚ್ಚಿ, ಬರೀ ಲೆಕ್ಕ ಬಿಡಿಸಿ ತೋರಿಸುತ್ತೇನೆ.