ಹತ್ತಡಿ ಕೋಣೆಯಲ್ಲಿ ರ‍್ಯಾಪ್ ರೆಕಾರ್ಡಿಂಗ್

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ರ‍್ಯಾಪ್ ರೆಕಾರ್ಡ್ ಮಾಡಲು ಹೊರಟವರು ಮೊದಲು ಕೇಳುವುದು, ಯಾವ ಮೈಕ್ ತಗೊಳ್ಳಲಿ ಅಂತ. ಅದಕ್ಕೂ ಮುಂಚೆ ಒಂದು ಲೆಕ್ಕ ಹಾಕೋಣ. ಬೀಟ್, ಅಂದರೆ ರ‍್ಯಾಪಿನ ಹಿನ್ನೆಲೆ ಸಂಗೀತ, 90 ಬಿಪಿಎಂ (ನಿಮಿಷಕ್ಕೆ 90 ಏಟು) ಎಂದುಕೊಳ್ಳಿ. ಒಂದು ಏಟಿಗೆ 667 ಮಿಲಿಸೆಕೆಂಡ್. ಅದರಲ್ಲಿ ನಾಲ್ಕು ಅಕ್ಷರ ಹೊಡೆದರೆ ಅಕ್ಷರವೊಂದಕ್ಕೆ ಸಿಗುವುದು 167 ಮಿಲಿಸೆಕೆಂಡ್. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಆರ್‌ಸಿಸಿ ಸೂರು ಇರುವ ಬರಿದಾದ ಕೋಣೆಯಲ್ಲಿ ದನಿ ಅಡಗಲು ಅರ್ಧ ಸೆಕೆಂಡಾದರೂ ಬೇಕು. ಅಂದರೆ ಒಂದು ಅಕ್ಷರದ ಗುಂಗು ಮುಂದಿನ ಮೂರು ಅಕ್ಷರಗಳ ಮೇಲೆ ಕೂರುತ್ತದೆ.

ಕನ್ನಡದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ಕೋಣೆಯಲ್ಲಿ ಹೆಚ್ಚು ಮೊಳಗುವುದೂ ಸ್ವರವೇ. ಇನ್ನು ‘ಕತ್ತಿ’, ‘ಮುಟ್ಟು’, ‘ಹಬ್ಬ’ ಇಂಥ ಪದಗಳನ್ನು ಹೇಳಿ ನೋಡಿ. ಒತ್ತಕ್ಷರದ ಮುಂಚೆ ನಾಲಿಗೆ ಇಲ್ಲವೇ ತುಟಿ ಒಂದು ಕ್ಷಣ ಗಾಳಿಯನ್ನು ತಡೆದು ನಿಲ್ಲುತ್ತದೆ. ಆ ಸಣ್ಣ ತಡೆಯೇ ಸಾಲಿಗೆ ಏಟು ಕೊಡುವುದು. ಕೋಣೆಯ ಗುಂಗು ಅದರೊಳಗೆ ತುಂಬಿಕೊಂಡರೆ ‘ಕತ್ತಿ’ ಮೊಂಡಾಗುತ್ತದೆ. ಎಂಥ ದುಬಾರಿ ಮೈಕ್ ಇಟ್ಟರೂ ಅದು ಇದನ್ನು ಸರಿಪಡಿಸುವುದಿಲ್ಲ, ಇನ್ನೂ ಸ್ಪಷ್ಟವಾಗಿ ಹಿಡಿದುಕೊಡುತ್ತದೆ. ಆದ್ದರಿಂದ ಕೋಣೆಯಿಂದಲೇ ಶುರು ಮಾಡೋಣ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟ್ರ್ರ್’ ಎಂದು ಬಾಲ ಕೇಳಿಸಿದರೆ ಎದುರುಬದುರು ಗೋಡೆಗಳು ದನಿಯನ್ನು ಒಂದರಿಂದೊಂದಕ್ಕೆ ಎಸೆಯುತ್ತಿವೆ. ಅದನ್ನು ತಗ್ಗಿಸಲು ಮನೆಯಲ್ಲಿ ಇರುವುದೇ ಸಾಕು: ಕೌದಿ, ಉಣ್ಣೆ ಕಂಬಳಿ, ಹತ್ತಿ ಹಾಸಿಗೆ. ಕಾರ್ಡಿಯಾಯ್ಡ್ ಮೈಕ್ ತನ್ನ ಮುಂದಿನ ದನಿಯನ್ನು ಹೆಚ್ಚು, ಹಿಂದಿನದನ್ನು ತೀರಾ ಕಡಿಮೆ ಹಿಡಿಯುತ್ತದೆ. ಮೈಕಿನ ಮುಂದೆ ಇರುವುದು ನೀವು, ನಿಮ್ಮ ಬೆನ್ನ ಹಿಂದಿನ ಗೋಡೆ. ಹಾಗಾಗಿ ಮೊದಲ ಕೌದಿ ನಿಮ್ಮ ಬೆನ್ನ ಹಿಂದೆ ಬರಬೇಕು. ಮೈಕಿನ ಹಿಂದೆ ಸಿಕ್ಕಿಸುವ ಅರ್ಧಚಂದ್ರದ ಫೋಮ್ ಗುರಾಣಿಗೆ ದುಡ್ಡು ಹಾಕುವವರು ಈ ಗೋಡೆಯನ್ನೇ ಮರೆತಿರುತ್ತಾರೆ. ಎರಡನೆಯ ಕೌದಿ ಪಕ್ಕದ ಗೋಡೆಗೆ, ಮೂರನೆಯದು ನಿಮ್ಮೆದುರು. ನೆಲಕ್ಕೆ ಜಮಖಾನ ಹಾಸಿ.

ಕೌದಿಯನ್ನು ಗೋಡೆಗೆ ಅಂಟಿಸಿ ತೂಗುಹಾಕಬೇಡಿ. ಗೋಡೆಗೆ ತಾಗಿಯೇ ಗಾಳಿಯ ಚಲನೆ ಇರುವುದಿಲ್ಲ, ಬಟ್ಟೆಗೆ ಅಲ್ಲಿ ಕೆಲಸವೇ ಇಲ್ಲ. ಹತ್ತು ಸೆಂಟಿಮೀಟರ್ ಅಂತರ ಬಿಟ್ಟು ಎರಡು ಪದರ ಹಾಕಿ. ಸ್ವಲ್ಪ ಖರ್ಚು ಮಾಡಬಲ್ಲವರು ಘನ ಮೀಟರಿಗೆ 48 ಕಿಲೋ ಸಾಂದ್ರತೆಯ, 50 ಮಿಲಿಮೀಟರ್ ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ ಹಲಗೆ) ತಂದು, ಮರದ ಚೌಕಟ್ಟಿಗೆ ಬಿಗಿದು, ಬಟ್ಟೆ ಹೊದಿಸಬಹುದು. ಕತ್ತರಿಸುವಾಗ ಕೈಗವಸು, ಮಾಸ್ಕ್ ಇರಲಿ. ಮೊಟ್ಟೆ ಟ್ರೇಗಳು ಹೆಚ್ಚೇನೂ ಮಾಡುವುದಿಲ್ಲ. ತೆಳು ಫೋಮ್ ಎತ್ತರದ ಕಂಪನಗಳನ್ನಷ್ಟೇ ನುಂಗಿ, ತಗ್ಗಿನ ಕಂಪನಗಳ ಮಬ್ಬನ್ನು ಹಾಗೇ ಬಿಡುತ್ತದೆ. ಬಟ್ಟೆ ತುಂಬಿದ ಪುಟ್ಟ ಗೂಡಿನೊಳಗೆ ನಿಂತು ಹಾಡುವುದೂ ಇದೇ ಕಾರಣಕ್ಕೆ ಕೆಡುತ್ತದೆ. 1.2 ಮೀಟರ್ ದೂರದ ಎರಡು ಗೋಡೆಗಳ ನಡುವೆ 143 ಹರ್ಟ್ಜ್ ಹತ್ತಿರ ಅನುರಣನ ಏಳುತ್ತದೆ. ಗಂಡಸಿನ ದನಿಯ ಮೂಲ ಕಂಪನವೂ ಆಸುಪಾಸಿನಲ್ಲೇ ಇರುವುದರಿಂದ ಕೆಲವು ಅಕ್ಷರ ಮಾತ್ರ ಉಬ್ಬಿ ಡಬ್ಬದೊಳಗಿನ ದನಿಯಂತೆ ಕೇಳಿಸುತ್ತವೆ. ಕೋಣೆ ದೊಡ್ಡದಿದ್ದಷ್ಟೂ ಒಳ್ಳೆಯದು. ಒಂದು ಗೋಡೆಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ ನಿಲ್ಲಿ. ನಟ್ಟನಡುವೆ ಬೇಡ, ಮೂಲೆಯೂ ಬೇಡ.

ಈಗ ಸಾಮಾನು. ಡೈನಾಮಿಕ್ ಮೈಕ್, ಒಂದು ಇನ್‌ಪುಟ್ಟಿನ, ಮೈಕಿನ ದನಿಯನ್ನು ಕಂಪ್ಯೂಟರಿಗೆ ಸೇರಿಸುವ ಆಡಿಯೊ ಇಂಟರ್‌ಫೇಸ್, ಎಕ್ಸ್‌ಎಲ್‌ಆರ್ ಕೇಬಲ್ (ಮೈಕನ್ನು ಅದಕ್ಕೆ ಜೋಡಿಸಲು), ಬೂಮ್ ಸ್ಟ್ಯಾಂಡ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಜಾಲರಿ). ಬೆಹ್ರಿಂಗರ್ ಎಕ್ಸ್‌ಎಂ8500 ದರ್ಜೆಯ ಮೈಕಿನಿಂದ ಶುರು ಮಾಡಿದರೆ ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸಿಗೆ ಬರುತ್ತದೆ. ಶೂರ್ ಎಸ್‌ಎಂ58 ಮಾರುಕಟ್ಟೆಗೆ ಬಂದದ್ದು 1966ರಲ್ಲಿ, ಇಂದಿಗೂ ಅದರಲ್ಲಿ ಒಳ್ಳೆಯ ರ‍್ಯಾಪ್ ಟೇಕ್ (ಒಂದು ಸಲದ ರೆಕಾರ್ಡಿಂಗ್) ಸಿಗುತ್ತದೆ. ಡೈನಾಮಿಕ್ ಮೈಕ್ ಕೋಣೆಯನ್ನು ಕೇಳಿಸಿಕೊಳ್ಳುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಅದರ ಹತ್ತಿರ ಬಾಯಿಟ್ಟು ಹೇಳುತ್ತೇವಾದ್ದರಿಂದ ದನಿ ದೊಡ್ಡದಾಗಿ, ಕೋಣೆ ಚಿಕ್ಕದಾಗಿ ಬರುತ್ತದೆ, ಅಷ್ಟೇ. ದೂರ ಇಮ್ಮಡಿಯಾದರೆ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಗುಂಗು ಇದ್ದಷ್ಟೇ ಇರುತ್ತದೆ. ಆಡಿಯೊ-ಟೆಕ್ನಿಕಾ ಎಟಿ2020ಯಂಥ ಕಂಡೆನ್ಸರ್ ಮೈಕ್ (ಹೆಚ್ಚು ಸೂಕ್ಷ್ಮವಾದ ಮೈಕ್) ಎತ್ತರದ ಕಂಪನಗಳನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಕೋಣೆ ಹದವಾದ ಮೇಲೆ ತಗೊಳ್ಳಿ. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ (ಇಂಟರ್‌ಫೇಸ್ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಬೇಕು. ಲ್ಯಾಪ್‌ಟಾಪಿನ 3.5 ಮಿಲಿಮೀಟರ್ ತೂತಿಗೆ ನೇರ ಚುಚ್ಚುವ ಅಗ್ಗದ ‘ಸ್ಟುಡಿಯೊ ಮೈಕ್’ಗಳಿಗೆ ಅಷ್ಟು ವೋಲ್ಟೇಜ್ ಸಿಗುವುದೇ ಇಲ್ಲ, ಬರುವುದು ‘ಸ್ಸ್’ ಎಂಬ ಸದ್ದು.

ಗದ್ದಲದ ವಿಚಾರ. ಸೀಲಿಂಗ್ ಫ್ಯಾನ್ ನಿಲ್ಲಿಸಲೇಬೇಕು, ಸೆಕೆಯಾದರೂ ಸರಿ. ಲ್ಯಾಪ್‌ಟಾಪ್ ಮತ್ತು ಕಿಟಕಿ ಮೈಕಿನ ಬೆನ್ನ ಕಡೆಗಿರಲಿ. ‘ಗುಂಯ್’ ಎಂಬ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ನಮ್ಮ ಕರೆಂಟಿನ 50 ಹರ್ಟ್ಜ್ ಮತ್ತು ಅದರ ಗುಣಕಗಳು ಅರ್ಥಿಂಗ್ ಸರಿಯಿಲ್ಲದ ಕಡೆ ಚಾರ್ಜರ್ ಮೂಲಕವೇ ನುಗ್ಗುತ್ತವೆ. ಕರೆಂಟ್ ಹೋಗಿ ಮನೆ ಯುಪಿಎಸ್ ಮೇಲೆ ನಡೆಯುತ್ತಿದ್ದರಂತೂ, ಅದು ಸ್ಕ್ವೇರ್ ವೇವ್ ಆಗಿದ್ದರೆ, ಈ ಸದ್ದು ಇನ್ನೂ ಒರಟು. ಮೊಬೈಲನ್ನು ಪಕ್ಕದ ಕೋಣೆಯಲ್ಲಿಡಿ.

ಮೈಕಿನ ಜಾಲರಿಯಿಂದ ಪಾಪ್ ಫಿಲ್ಟರ್ 5 ಸೆಂಟಿಮೀಟರ್, ತುಟಿ 10ರಿಂದ 12. ಕಂಡೆನ್ಸರ್ ಆದರೆ 15ರಿಂದ 20. ಇನ್ನೂ ಹತ್ತಿರ ಹೋದರೆ 200 ಹರ್ಟ್ಜ್ ಕೆಳಗಿನದು ಉಬ್ಬುತ್ತದೆ. ಪಾದದ ಜಾಗಕ್ಕೆ ನೆಲದ ಮೇಲೆ ಟೇಪ್ ಹಚ್ಚಿ, ನಾಳೆ ಸಾಲು ಸೇರಿಸುವಾಗ ಅದೇ ದನಿ ಬೇಕಾಗುತ್ತದೆ. ಪ, ಬ, ಅದಕ್ಕಿಂತ ಹೆಚ್ಚಾಗಿ ಫ, ಭ, ಇವು ಬಾಯಿಂದ ನೇರ ಗಾಳಿಯನ್ನು ದೂಡುತ್ತವೆ. ಮೈಕನ್ನು ಮೂಗಿನ ಮಟ್ಟಕ್ಕೆ ಏರಿಸಿ, ಹದಿನೈದಿಪ್ಪತ್ತು ಡಿಗ್ರಿ ಓರೆಯಾಗಿ ಬಾಯಿಯ ಅಂಚಿನ ಕಡೆ ತಿರುಗಿಸಿದರೆ ಗಾಳಿ ಪಕ್ಕಕ್ಕೆ ಹಾದುಹೋಗುತ್ತದೆ. ಸ, ಶ, ಷ ಕೂಡ ಸ್ವಲ್ಪ ಮೆತ್ತಗಾಗುತ್ತವೆ. ಸ್ಟೇಜಿನ ಅಭ್ಯಾಸದಿಂದ ಜಾಲರಿಯನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಡಿ. ಅದರ ಹಿಂಬದಿಗೆ ದನಿ ಹೋಗುವ ದಾರಿ ಮುಚ್ಚಿದರೆ ಮೈಕ್ ಎಲ್ಲ ದಿಕ್ಕಿನದನ್ನೂ ಹಿಡಿಯತೊಡಗುತ್ತದೆ, ದನಿಯೂ ಕಟ್ಟಿಕೊಳ್ಳುತ್ತದೆ.

ರೆಕಾರ್ಡಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್ 48 ಕಿಲೋಹರ್ಟ್ಜ್, 24 ಬಿಟ್, ಮೊನೊ (ಒಂದೇ ಚಾನೆಲ್). ಇಂಟರ್‌ಫೇಸ್ 16 ಬಿಟ್ ಮಾತ್ರ ಕೊಟ್ಟರೂ ಕೆಲಸ ನಡೆಯುತ್ತದೆ. ಗೇನ್ (ಮೈಕಿನ ದನಿಯನ್ನು ಎಷ್ಟು ಏರಿಸಬೇಕೆಂಬ ಮಟ್ಟ) ಇಡುವಾಗ ಎಲ್ಲರೂ ಅರ್ಧ ದನಿಯಲ್ಲಿ ‘ಹಲೋ, ಚೆಕ್’ ಅನ್ನುತ್ತಾರೆ, ಟೇಕಿನಲ್ಲಿ ದನಿ ಏರಿ ಮೀಟರ್ ಕೆಂಪಾಗುತ್ತದೆ. ಹುಕ್ಕಿನ (ಮತ್ತೆ ಮತ್ತೆ ಬರುವ ಪಲ್ಲವಿಯ) ಅತಿ ಜೋರಿನ ಸಾಲನ್ನೇ ಪೂರ್ತಿ ಕಸುವಿನಲ್ಲಿ ಹೇಳಿ, ಅದು ಮೈನಸ್ 10 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಇಡಿ. ಒಳಗೇ ಒಡೆದ ದನಿಯನ್ನು ಆಮೇಲೆ ಪೂರ್ತಿ ಕೂಡಿಸಲಾಗದು. ಡೌನ್‌ಲೋಡ್ ಮಾಡಿದ ಬೀಟ್ ಮೊದಲೇ ಗರಿಷ್ಠ ಮಟ್ಟದಲ್ಲಿರುತ್ತದೆ. ಅದನ್ನು 8ರಿಂದ 10 ಡೆಸಿಬೆಲ್ ಇಳಿಸಿ, ಇಲ್ಲದಿದ್ದರೆ ದನಿ ಸಾಲದೆನಿಸಿ ಗೇನ್ ತಿರುಗಿಸುತ್ತಲೇ ಹೋಗುತ್ತೀರಿ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿಕೊಳ್ಳಿ, ನಿಮ್ಮ ದನಿ ನೇರ ಹೆಡ್‌ಫೋನಿಗೆ ಬರುತ್ತದೆ. ಕಂಪ್ಯೂಟರ್ ಸುತ್ತಿ ಬರುವ ದನಿ ತಡವಾಗಿ ಕಿವಿಗೆ ಬಿದ್ದರೆ ತಾಳ ಹಿಂದೆ ಬೀಳುತ್ತದೆ.

ಟೇಕ್‌ಗಳನ್ನು ನಾಲ್ಕು ನಾಲ್ಕು ಬಾರ್ (ಒಂದು ಬಾರ್ ಅಂದರೆ ನಾಲ್ಕು ಏಟು) ಮಾಡಿ. ಪಂಚ್-ಇನ್ (ನಡುವಿನ ಒಂದು ಸಾಲನ್ನಷ್ಟೇ ಮತ್ತೆ ರೆಕಾರ್ಡ್) ಮಾಡುವಾಗ ಎರಡು ಬಾರ್ ಮುಂಚೆ ಪ್ಲೇ ಮಾಡಿ, ಹಿಂದಿನ ಸಾಲನ್ನೂ ಹೇಳುತ್ತಾ ಬಂದು, ಉಸಿರಿನ ಜಾಗದಲ್ಲಿ ಒಳಗೆ ಬನ್ನಿ. ಕಸುವು ಒಂದೇ ಆಗಿರುತ್ತದೆ. ಎರಡು ಟೇಕ್ ಕೂಡುವ ಹೊಲಿಗೆಗೆ 10 ಮಿಲಿಸೆಕೆಂಡಿನ, ಒಂದು ಇಳಿದಂತೆ ಇನ್ನೊಂದು ಏರುವ ಕ್ರಾಸ್‌ಫೇಡ್. ಉಸಿರನ್ನು ಪೂರ್ತಿ ಕತ್ತರಿಸಬೇಡಿ, ತಗ್ಗಿಸಿದರೆ ಸಾಕು.

ಡಬಲ್ ಅಂದರೆ ಅದೇ ಸಾಲನ್ನು ಮತ್ತೆ ಹೇಳಿ ಮೂಲದ ಮೇಲೆ ಕೂರಿಸುವುದು, ಕಾಪಿ-ಪೇಸ್ಟ್ ಅಲ್ಲ. ಅದೇ ಟೇಕಿನ ನಕಲು ದನಿಯನ್ನು 6 ಡೆಸಿಬೆಲ್ ಏರಿಸುತ್ತದೆ, ಬೇರೇನೂ ಇಲ್ಲ. ತುಸು ಸರಿಸಿದರೆ ತರಂಗಗಳು ಒಂದನ್ನೊಂದು ಅಳಿಸಿ ದನಿ ಟೊಳ್ಳಾಗುತ್ತದೆ. ಮತ್ತೊಮ್ಮೆ ಹೇಳಲೇಬೇಕು. ಪ್ರಾಸದ ಪದಗಳಿಗೆ ಮಾತ್ರ ಡಬಲ್ ಕೊಡಿ, 8ರಿಂದ 10 ಡೆಸಿಬೆಲ್ ಕೆಳಗೆ. ಅದರಲ್ಲಿ ಸ, ಟ, ಕ ಮೆತ್ತಗಿರಲಿ. ಅವು ಮೂಲದ ಜೊತೆ ಕೂಡದಿದ್ದರೆ ‘ಟಟ್’ ಎಂದು ಎರಡೆರಡು ಸಲ ಕೇಳಿಸುತ್ತವೆ. ಅಡ್‌ಲಿಬ್‌ಗೆ (ಸಾಲುಗಳ ನಡುವಿನ ಉದ್ಗಾರಗಳಿಗೆ) ಒಂದಡಿ ಹಿಂದೆ ಸರಿದು ನಿಲ್ಲಿ.

ಮಿಕ್ಸಿಂಗಿಗೆ (ದನಿ, ಬೀಟ್ ಹದವಾಗಿ ಬೆರೆಸಲು) ಹೆಚ್ಚು ಬೇಡ. ಮೊದಲು ಸದ್ದು ಏರಿಳಿದ ಪದಗಳನ್ನು ಕೈಯಿಂದಲೇ ಸಮ ಮಾಡಿ. ಆಮೇಲೆ 80ರಿಂದ 100 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ, ಮಬ್ಬಿದ್ದರೆ 300 ಹರ್ಟ್ಜ್ ಸುತ್ತ 2-3 ಡೆಸಿಬೆಲ್ ಇಳಿಸಿ. ಕಂಪ್ರೆಸರ್ ಅನುಪಾತ 4:1, ಅಟ್ಯಾಕ್ (ತಗ್ಗಿಸಲು ಹಿಡಿಯುವ ಸಮಯ) 5ರಿಂದ 10 ಮಿಲಿಸೆಕೆಂಡ್, ರಿಲೀಸ್ (ಬಿಡಲು ಹಿಡಿಯುವ ಸಮಯ) 70ರ ಆಸುಪಾಸು, ಮೀಟರ್ 4ರಿಂದ 6 ಡೆಸಿಬೆಲ್ ಇಳಿಕೆ ತೋರಿಸಲಿ. ಕಂಪ್ರೆಸರ್ ಜೋರಿನದನ್ನು ತಗ್ಗಿಸಿ ಸಣ್ಣದನ್ನು ಮೇಲೆತ್ತುತ್ತದೆ, ಕೋಣೆಯ ಗುಂಗೂ ಅದರೊಂದಿಗೆ ಏಳುತ್ತದೆ. ಕೌದಿ ಕಟ್ಟದವರಿಗೆ ಇಲ್ಲಿ ಗೊತ್ತಾಗುತ್ತದೆ. ನಂತರ ಡಿ-ಎಸ್ಸರ್ (ಸ, ಶಗಳ ಚುಚ್ಚುವ ಸದ್ದು ತಗ್ಗಿಸುವ ಎಫೆಕ್ಟ್), 5ರಿಂದ 8 ಕಿಲೋಹರ್ಟ್ಜ್ ನಡುವೆ. ನಾಯ್ಸ್ ರಿಮೂವಲ್ ವಿಪರೀತ ಹಾಕಿದರೆ ಸ, ಹ ಎರಡೂ ಸವೆದು ದನಿ ನೀರೊಳಗಿಂದ ಬಂದಂತಾಗುತ್ತದೆ.

ಮಿಕ್ಸಿಂಗನ್ನು ಬೇರೆಯವರಿಗೆ ಕೊಡುವುದಾದರೆ ಎಫೆಕ್ಟ್ ಯಾವುದೂ ಇಲ್ಲದ ವೇವ್ ಫೈಲ್‌ಗಳನ್ನು ಕಳಿಸಿ. ಮುಖ್ಯ ದನಿ, ಡಬಲ್, ಅಡ್‌ಲಿಬ್ ಬೇರೆ ಬೇರೆ ಇರಲಿ, ಎಲ್ಲವೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಫೈಲಿನ ಹೆಸರಲ್ಲೇ ಬಿಪಿಎಂ ಬರೆದಿರಲಿ. ಬೀಟನ್ನು ಎಂಪಿ3 ಬಿಟ್ಟು ವೇವ್ ರೂಪದಲ್ಲೇ ಕೇಳಿ ಪಡೆದು ಜೊತೆಗಿಡಿ.