ಬಟ್ಟೆ ಕ್ಲಿಪ್ಪಿನಲ್ಲಿ ಪ್ಯಾಟರ್ನ್ ಪಾಠ | ಡೊಂಬಿವಲಿ ವ್ಲಾಗ್

ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಮನೆಯ ಕಿಟಕಿ ಇದು. ತಂತಿ ಮೇಲೆ ಏನು ನಡೆಯುತ್ತಿದೆ ಅಂತ ಕಾಣುತ್ತಿದೆಯಲ್ಲ, ಅದೇ ಇವತ್ತಿನ ಪಾಠ. ಮಗಳಿಗೆ ನಾಲ್ಕು ವರ್ಷ. ಪ್ಯಾಟರ್ನ್ ಕಲಿಸಲು ಬಟ್ಟೆ ಕ್ಲಿಪ್ ಸಾಕು. ಆನ್‌ಲೈನ್‌ನಲ್ಲಿ ಮಾರುವ ಮರದ ಬ್ಲಾಕ್ ಸೆಟ್ ಎಲ್ಲ ಸುಮ್ನೆ ದುಡ್ಡು ದಂಡ.

ಆದರೆ ಈ ಪ್ಯಾಕೆಟ್ ನೋಡಿ. ಸ್ಟೇಷನ್ ಹತ್ತಿರ ತಗೊಂಡದ್ದು. 50 ರೂಪಾಯಿಗೆ 12 ಕ್ಲಿಪ್. ಗುಲಾಬಿ 5, ಹಸಿರು 4, ನೀಲಿ 2, ಹಳದಿ 1. ಇದ್ಯಾವ ಲೆಕ್ಕ? ಬಣ್ಣಗಳು ಸಮ ಇರೋದು ಕೊಡಿ ಅಂದರೆ ಅಂಗಡಿಯವರು "ಅಸಂಚ್ ಯೇತಂ ತಾಈ" ಅಂದರು. ಹೀಗೇ ಬರೋದಂತೆ!

ಏನು ತೊಂದರೆ ಅಂತೀರಾ? ಪ್ಯಾಟರ್ನಿನಲ್ಲಿ ಮತ್ತೆ ಮತ್ತೆ ಬರುವ ತುಂಡು ಮಕ್ಕಳಿಗೆ ಮೂರು ಸಲವಾದರೂ ಕಾಣಬೇಕು. ಒಂದೇ ಸಲ ತೋರಿಸಿ "ಮುಂದೆ ಏನು?" ಅಂದರೆ ಊಹೆ ಹೊಡೆಯುತ್ತಾರೆ, ಅಷ್ಟೇ. ಗುಲಾಬಿ-ಹಸಿರು, ಗುಲಾಬಿ-ಹಸಿರು ಆರಾಮಾಗಿ ನಾಲ್ಕು ಸಲ ಬಂತು. ಇವಳಿಗೆ ಬೇಗ ಬೇಜಾರಾಯಿತು. ಸರಿ, ಗುಲಾಬಿ-ಹಸಿರು-ಹಸಿರು ಮಾಡೋಣ ಅಂದರೆ ಹಸಿರು 6 ಬೇಕು, ಇರೋದು 4. ಉಲ್ಟಾ, ಹಸಿರು-ಗುಲಾಬಿ-ಗುಲಾಬಿ ಮಾಡಿದರೆ ಗುಲಾಬಿ 6 ಬೇಕು, ಇರೋದು 5. ಒಂದೇ ಒಂದು ಕಡಿಮೆ! ಇನ್ನೊಂದು ಪ್ಯಾಕೆಟ್‌ಗೆ ಮತ್ತೆ 50 ಕೊಡಬೇಕಾ? ಆ ಮರದ ಬ್ಲಾಕ್‌ನಲ್ಲಿ ಬಣ್ಣಗಳು ಸಮ ಇರುತ್ತವೋ ಏನೋ. ಹಾಗಿದ್ದರೆ ಪೂರ್ತಿ ದಂಡ ಅಲ್ಲ ಬಿಡಿ.

ಕೊನೆಗೆ ಕಡಿಮೆ ಬಿದ್ದ ಆ ಕ್ಲಿಪ್ ಜಾಗಕ್ಕೆ ಗುಲಾಬಿ ಕರ್ಚೀಫ್ ನೇತುಹಾಕಿದೆ. "ಅಮ್ಮಾ, ಅದು ಕ್ಲಿಪ್ ಅಲ್ಲ" ಅಂದಳು. ಆಮೇಲೆ ತಾನೇ ಒಪ್ಪಿಕೊಂಡಳು, ಬಣ್ಣ ಗುಲಾಬಿನೇ ಅಲ್ವಾ. ಇದು ನನಗೆ ಜಾಸ್ತಿ ಖುಷಿ ಕೊಟ್ಟಿತು. ನೋಡಬೇಕಾದದ್ದು ಬಣ್ಣ, ವಸ್ತು ಅಲ್ಲ ಅಂತ ಅವಳಿಗೇ ಹೊಳೆಯಿತು.

ಇಲ್ಲಿ ನಾನು "ಮುಂದೆ ಏನು" ಅಂತ ಕೇಳುತ್ತಿಲ್ಲ, ಗಮನಿಸಿ. "ಮತ್ತೆ ಮತ್ತೆ ಬರೋದು ಯಾವುದು?" ಅಂತ ಕೇಳುತ್ತಿದ್ದೇನೆ. ಮೊದಲನೆಯದಕ್ಕೆ ಪಕ್ಕದ ಕ್ಲಿಪ್ ನೋಡಿಯೂ ಉತ್ತರ ಹೇಳಬಹುದು. ಎರಡನೆಯದಕ್ಕೆ ಇಡೀ ಸಾಲು ನೋಡಬೇಕು. ಕಣ್ಣು ಮುಚ್ಚಿಸಿ ನಡುವಿನ ಒಂದು ಕ್ಲಿಪ್ ತೆಗೆದು, ಯಾವುದು ಹೋಯಿತು ಅಂತಲೂ ಕೇಳುತ್ತೇನೆ. ನೋಡಿ, ಮುಖ ನೋಡಿ!

ಈಗ ಅದೇ ತುಂಡು ಕೈಯಲ್ಲಿ. ಚಪ್ಪಾಳೆ, ತೊಡೆ, ತೊಡೆ. ಹಸಿರಿಗೆ ಚಪ್ಪಾಳೆ, ಗುಲಾಬಿಗೆ ತೊಡೆ. ಚಿಟಿಕೆ ಹೊಡೆಸಬೇಕು ಅಂತಿದ್ದೆ, ಅವಳ ಬೆರಳಿಗೆ ಅದು ಬರುವುದಿಲ್ಲ.

ಇವಳಿಗೆ ಲೋಕಲ್ ಟ್ರೇನಿನ ಫರ್ಸ್ಟ್ ಕ್ಲಾಸ್ ಡಬ್ಬದ ಕೆಂಪು-ಹಳದಿ ಪಟ್ಟೆ ಅಂದರೆ ಪ್ರಾಣ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಜೋರಾಗಿ ಓದುತ್ತಾಳೆ, ಕೆಂಪು, ಹಳದಿ, ಕೆಂಪು, ಹಳದಿ. ಅಷ್ಟರಲ್ಲಿ ನಮ್ಮ ಟ್ರೇನ್ ಹೋಗಿರುತ್ತದೆ. ಪೀಕ್ ಅವರಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲೇಬಾರದು, ಅದು ಬೇರೆ ವಿಡಿಯೋ.

ಹಾಂ, ಅತ್ತೆ ಬಾಗಿಲಲ್ಲಿ ರಂಗೋಲಿಗೆ ಚುಕ್ಕಿ ಇಡುತ್ತಿದ್ದಾರೆ. ನೇರ ಚುಕ್ಕಿ, ಅಂದರೆ ಒಂದರ ಕೆಳಗೆ ಒಂದು. 1, 3, 5, 7, ಮತ್ತೆ 5, 3, 1. ಇಲ್ಲಿ ಯಾವ ತುಂಡೂ ಮತ್ತೆ ಬರುವುದಿಲ್ಲ. ಸಾಲಿಗೆ ಎರಡೆರಡು ಚುಕ್ಕಿ ಏರಿ, ಆಮೇಲೆ ಇಳಿಯುತ್ತದೆ. ನಾಲ್ಕು ವರ್ಷಕ್ಕೆ ಇದು ಬೇಡ ಅಂದುಕೊಂಡಿದ್ದೆ.

"ಅಜ್ಜಿ, ಇದು ದಪ್ಪ ಆಗ್ತಾ ಇದೆ!"

"ಆಗ್ಲಿ ಪುಟ್ಟಿ, ಆಮೇಲೆ ಸಣ್ಣ ಆಗುತ್ತೆ. ಕಾಲು ತೆಗಿ ಮೊದಲು."

ಬೇಡ ಅಂದ ಮಾತು ವಾಪಸ್. ಫೋನಿನಲ್ಲಿ ಜಾಗ ಮುಗಿಯಿತು, ರಂಗೋಲಿ ಪೂರ್ತಿ ಆದಮೇಲೆ ಫೋಟೋ ಹಾಕುತ್ತೇನೆ.